ನೀನು ಪೂಜೆ ಮಾಡಿದ ಕಂಪ್ಯೂಟರ್

ಶ್ರೀರಾಂಪುರ
೧೨-೧೦-೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಚಿಕ್ಕಮ್ಮನ ಮನೆಯ ಮೆಟ್ಟಿಲು ಎತ್ತರ, ಗೋಡೆ ಹಿಡಿದುಕೊಂಡು ಇಳಿ. ಫೋನ್ ಮಾಡಿದರೆ ಅನುಸೂಯ ಚಿಕ್ಕಮ್ಮ ಸ್ಪೀಕರ್ ಹಾಕಿ ಇಡೀ ಹೊರಕೆರೆದೇವಪುರಕ್ಕೆ ಕೇಳಿಸುತ್ತಾಳೆ. ನೀನೋ, "ಊಟ ಆಯ್ತೇನಪ್ಪ" ಎಂದಷ್ಟೇ ಕೇಳಿ ಫೋನನ್ನು ಮತ್ತೆ ಅವಳ ಕೈಗೇ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಒಬ್ಬಳೇ ಕೂತು ಓದಿಕೊ.

ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆದರೆ ಸುಳ್ಳಾಗುತ್ತದೆ. ಅನ್ನ ತಳ ಹಿಡಿಯುತ್ತದೆ, ನನ್ನ ಮುದ್ದೆಯಲ್ಲಿ ಬರೀ ಗಂಟು. ಮಾರುತೇಶಣ್ಣ ಅರ್ಧ ತಿಂದು ಎದ್ದು ಹೋಗುತ್ತಾನೆ. ಆಯುಧಪೂಜೆಯ ದಿನ ಕೆಟ್ಟ ಆ ಕಂಪ್ಯೂಟರ್ ಇಲ್ಲದೆ ನಮ್ಮ ಫೋಟೊ ಸ್ಟುಡಿಯೋದ ಮದುವೆ ಆಲ್ಬಮ್‌ಗಳೆಲ್ಲ ನಿಂತಿವೆ. ಅಣ್ಣ ಹೊಸದುರ್ಗಕ್ಕೆ ಹೋಗಿ ಬೇರೆಯವರ ಅಂಗಡಿಯಲ್ಲಿ ಕಾದು ಮಾಡಿಸಿಕೊಂಡು ಬರುತ್ತಾನೆ. ಪಕ್ಕದ ಮನೆ ಚಂದ್ರಕ್ಕ ಮಾತ್ರ ಸುಮ್ಮನಿಲ್ಲ. ನಲ್ಲಿ ಹತ್ತಿರ ನಿಂತು, "ಗಂಡನ್ನ ಕಳಕಂಡೋಳ ಕೈಲಿ ಆಯುಧಪೂಜೆ ಮಾಡ್ಸಿದ್ರೆ ಇನ್ನೇನಾಗ್ತೈತೆ" ಅಂತ ಎಲ್ಲರಿಗೂ ಕೇಳುವಂತೆ ಅಂದಳು. ಅವಳ ಬಾಯಿಗೆ ಮಣ್ಣು ಹಾಕ! ನೀನೂ ಅದನ್ನೇ ನಂಬಿಕೊಂಡೆಯಲ್ಲ ಅಮ್ಮಾ. "ನನ್ನ ಕೈಯೇ ಸರಿ ಇಲ್ಲ ಕಣಪ್ಪ, ಇನ್ಮೇಲೆ ಅಂಗಡಿ ಹೊಸ್ತಿಲು ತುಳಿಯಲ್ಲ" ಎಂದು ಬಸ್ ಹತ್ತಿದೆ.

ನಿನ್ನ ಕೈಯಿಂದ ಏನೂ ಆಗಿಲ್ಲ. ಆ ಕಂಪ್ಯೂಟರ್ ಎಷ್ಟು ಹಳೆಯದೆಂದರೆ, ಒಂದು ಫೋಟೊ ತೆರೆಯುವಷ್ಟರಲ್ಲಿ ನೀನು ಟೀ ಕಾಸಿ ತರುತ್ತಿದ್ದೆ. ಹೊಸದು ಬೇಡ ಎಂದು ಅಣ್ಣನ ಹಟ. ನಾನು ಯೂಟ್ಯೂಬ್ ನೋಡಿ ಬುದ್ಧಿ ಓಡಿಸಿದೆ. ಅದರೊಳಗೆ ಪ್ರೊಸೆಸರ್ ಅಂತ ಇರುತ್ತದೆ, ಕೆಲಸವೆಲ್ಲ ಮಾಡುವುದು ಅದೇ. ಅದು ಕೂರುವ ಜಾಗದ ತುಂಬ ಸೂಜಿಯಷ್ಟು ಸಣ್ಣ ತೂತುಗಳು. ಅವುಗಳಲ್ಲಿ ಸರಿಯಾದ ಎರಡನ್ನು ತಾಮ್ರದ ಎಳೆಯಿಂದ ಸೇರಿಸಿದರೆ ಪ್ರೊಸೆಸರ್‌ಗೆ ಹೆಚ್ಚು ವೋಲ್ಟೇಜ್ ಹೋಗುತ್ತದೆ, ಆಗ ಅದನ್ನು ಇನ್ನೂ ಜೋರಾಗಿ ಓಡಿಸಬಹುದು. ಅಣ್ಣ ಮಾಡದಕೆರೆಗೆ ನಾಮಕರಣದ ಫೋಟೊಗೆ ಹೋದಾಗ ಹಳೇ ಚಾರ್ಜರ್ ವೈರು ಸುಲಿದು ಎಳೆ ತೆಗೆದು, ಆ ಎರಡು ತೂತು ಸೇರಿಸಿ ವೇಗ ಏರಿಸಿದೆ.

ಅಬ್ಬಾ, ಏನು ಓಟ! ಒತ್ತಿದ್ದೇ ತಡ, ಫೋಟೊ ತೆರೆಯಿತು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಇನ್ನೊಂದು ಚೂರು, ಇನ್ನೊಂದು ಚೂರು ಎಂಬ ದುರಾಸೆ ನನ್ನದು. ಮತ್ತೆರಡು ತೂತು ಸೇರಿಸಿ ವೋಲ್ಟೇಜ್ ಇನ್ನೂ ಏರಿಸಿದೆ. ಪೆಟ್ಟಿಗೆ ದೋಸೆಹಂಚಿನಂತೆ ಕಾಯತೊಡಗಿತು. ಪಕ್ಕದ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆ. ಧೂಳು ತೆಗೆಯುತ್ತಿದ್ದೇನೆ ಎಂದು ಅಣ್ಣನಿಗೆ ಸುಳ್ಳು ಹೇಳಿದೆ. ಪೂಜೆಯ ದಿನವೂ ಮುಚ್ಚಳ ಹಾಕಲಿಲ್ಲ. ನೀನು ಕುಂಕುಮ ಹಚ್ಚಿ, ಮಾವಿನೆಲೆಯಲ್ಲಿ ತೀರ್ಥ ಚಿಮುಕಿಸಿದೆ. ಆಮೇಲೆ ಅಣ್ಣ ಬಟನ್ ಒತ್ತಿದರೆ ಹತ್ತಲಿಲ್ಲ. "ಒಳಗೆ ನೀರು ಬಿದ್ದೈತಲ್ಲಮ್ಮ!" ಎಂದು ಕೂಗಾಡಿದ. ಮುಚ್ಚಳ ಬಿಚ್ಚಿಟ್ಟದ್ದು ನಾನು, ತಪ್ಪು ನನ್ನದು.

ಹೊರಟು ಬಾ ಅಮ್ಮಾ. ಚಿಕ್ಕಮ್ಮನ ಕಾಲಿಗೆ ನನ್ನ ನಮಸ್ಕಾರ ತಿಳಿಸು, ಮಾತ್ರೆ ಮರೆಯಬೇಡ.

ನಿನ್ನ ಚಿಕ್ಕ ಮಗ
ಅಂಜನ್

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಮೇಲೆ ಬರೆದದ್ದು ಅರ್ಧ ನಿಜ. ಪೂಜೆಯ ಹಿಂದಿನ ಸಂಜೆಯೇ ಸುಟ್ಟ ವಾಸನೆ ಬಂದು ಕಂಪ್ಯೂಟರ್ ಸತ್ತುಹೋಗಿತ್ತು. ಅಣ್ಣನಿಗೆ ಹೇಳಲು ಧೈರ್ಯ ಬರಲಿಲ್ಲ. ಅದಕ್ಕೇ, ಅಪ್ಪ ಹೋದ ಮೇಲೆ ಆರತಿ ತಟ್ಟೆಯನ್ನೇ ಮುಟ್ಟದ ನಿನ್ನನ್ನು "ಈ ಸಲ ನೀನೇ ಮಾಡಮ್ಮ" ಎಂದು ಕರೆದೆ. ನೀರು ಬಿದ್ದೇ ಕೆಟ್ಟಿತೆಂದು ಅಣ್ಣ ತಿಳಿಯಲಿ ಎಂದು, ತೀರ್ಥ ಇನ್ನೊಂದಿಷ್ಟು ಹಾಕು ಅಂದವನೂ ನಾನೇ. ಈಗ ಅಣ್ಣನಿಗೆ ಎಲ್ಲ ಹೇಳಲು ಎದ್ದಿದ್ದೇನೆ, ಅವನು ಹೊಡೆದರೆ ಹೊಡೆಯಲಿ. ಆದರೆ ನಾನು ಕರೆದೆನೆಂದು ನೀನು ಅದೆಷ್ಟು ಖುಷಿಪಟ್ಟೆ ಅಮ್ಮಾ, ಟ್ರಂಕಿನಲ್ಲಿಟ್ಟಿದ್ದ ಹಸಿರು ಸೀರೆ ತೆಗೆದು ಉಟ್ಟುಕೊಂಡು ಬಂದೆ.