ನನ್ನಷ್ಟೇ ಎತ್ತರ

ಅಕ್ಕಾ,

ನೈರೋಬಿಗೆ ನಿನ್ನೆ ವಾಪಸ್ಸಾದೆವು. ಇವರ ಸ್ನೇಹಿತರಿಗೆ ಬಿಗ್‌ಫುಟ್ ಎಂಬ ದೈತ್ಯ ವಾನರನನ್ನು ಹುಡುಕುವ ಹುಚ್ಚು. ಅದಕ್ಕೆಂದೇ ಮಾರ್ಸಬಿಟ್‌ಗೆ ಹೋಗಿದ್ದು. ಸುತ್ತ ಮರುಭೂಮಿ, ನಡುವೆ ಬೆಟ್ಟದ ಮೇಲೆ ದಟ್ಟ ಕಾಡು. ಅವರೆಲ್ಲ ಕ್ಯಾಮೆರಾ ಹಿಡಿದು ಹೆಜ್ಜೆಗುರುತು ಹುಡುಕುತ್ತ ಹೋದರು. ಇದೊಂದನ್ನೂ ನಂಬದ ನಾನು ಜೀಪಿನ ಹತ್ತಿರ ಚಿತ್ರಾನ್ನ ಕಲಸುತ್ತಿದ್ದೆ. ತಲೆ ಎತ್ತಿದರೆ ಮರದ ಕೆಳಗೆ ಅದು ನಿಂತಿತ್ತು. ಮೈತುಂಬ ಕೂದಲು, ಕಣ್ಣು ಮಾತ್ರ ನಮ್ಮ ಹಾಗೆ.

ವಾಪಸ್ ಬಂದವರಿಗೆ ಹೇಳಿದೆ. "ಎಷ್ಟು ಎತ್ತರ ಇತ್ತು ಮೇಡಂ?" ಎಂದ, ಅವರ ಮುಖಂಡ ಭಾರ್ಗವ.

"ನನ್ನಷ್ಟೇ."

"ಹಾಗಾದ್ರೆ ಅದಲ್ಲ ಬಿಡಿ. ಅದು ಎಂಟು ಅಡಿ ಇರತ್ತೆ. ನೀವು ಬಬೂನ್ ನೋಡಿರ್ತೀರಿ."

ಇವರೂ ಹೌದೆಂದರು. ದಾರಿಯುದ್ದಕ್ಕೂ ಬಬೂನ್ ಕೋತಿಗಳನ್ನೇ ನೋಡಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ರಸ್ತೆಯ ಕುಲುಕಾಟಕ್ಕೆ ಸೊಂಟ ಹಿಡಿದುಕೊಂಡಿದೆ, ನೀನು ಕಳಿಸಿದ ಎಣ್ಣೆಯನ್ನೇ ಹಚ್ಚುತ್ತಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ಇವರಿಗೂ ಹೇಳದ್ದು ಒಂದಿದೆ. ಅದು ನನ್ನನ್ನೇ ನೋಡುತ್ತಿದ್ದಾಗ ಬೇರೇನೂ ತೋಚದೆ "ಊಟ ಆಯ್ತಾ?" ಎಂದು ಕೇಳಿಬಿಟ್ಟೆ. ಅದು ತಲೆ ಆಡಿಸಿತು. ಆಯಿತು ಎಂದೋ ಇಲ್ಲ ಎಂದೋ, ಇನ್ನೂ ತಿಳಿಯುತ್ತಿಲ್ಲ.

ಮೃಣಾಲಿನಿ