ಮೋಟಾರ್ ಸೈಕಲ್ಲಿನ ಕತ್ತಿನ ಮೇಲೆ ನಮ್ಮ ಮುದ್ರೆ

ಕಾರಾ-ಬೆಲ್ ಹಳ್ಳಿ, ನಾರಿನ್ ಸೀಮೆ
ಜೂನ್ ಎರಡು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗ ತಾಲಾಯ್,

ನಿನ್ನ ಅಪ್ಪ ಇಮಾನಾಲಿಯ ಆಶೀರ್ವಾದ. ಹೇಗಿದ್ದೀಯಪ್ಪಾ? ನೀನು ದುಡಿಯಲು ಹೋಗಿರುವ ಆ ಯಾಕುತ್ಸ್ಕಿನಲ್ಲಿ ಹಿಮ ಕರಗಿತೋ ಇನ್ನೂ ಇಲ್ಲವೋ? ಚಳಿಗಾಲದಲ್ಲಿ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಬಿಡದಿದ್ದರೆ, ಈ ಪತ್ರದ ಜೊತೆ ಪಕ್ಕದ ಮನೆ ಸೈರಾಗುಲ್ ಕೈಯಲ್ಲಿ ಕಳಿಸಿರುವ ಕುರಿಬಾಲದ ಕೊಬ್ಬನ್ನು ಬಿಸಿ ಹಾಲಿಗೆ ಹಾಕಿಕೊಂಡು ಕುಡಿ. ಚಿಕ್ಕಂದಿನಲ್ಲಿ ಕುಡಿಯುತ್ತಿದ್ದ ಹಾಗೆ ಮೂಗು ಮುಚ್ಚಿಕೊಂಡಾದರೂ ಕುಡಿ. ಒಣಮೊಸರಿನ ಉಂಡೆಗಳನ್ನು ನಿನ್ನ ಅಮ್ಮ ಕಟ್ಟಿದ್ದಾಳೆ, ಎಲ್ಲರಿಗೂ ಹಂಚಿಬಿಡಬೇಡ ಅಂತ ಹೇಳಿದ್ದಾಳೆ, ಹಂಚಿಯೇ ಹಂಚುತ್ತೀಯ ಅಂತಲೂ ಹೇಳಿದ್ದಾಳೆ. ನಾವು ಇಲ್ಲಿ ಕ್ಷೇಮ. ಅವಳ ರಕ್ತದೊತ್ತಡ ಮಾತ್ರೆಯ ಹಿಡಿತದಲ್ಲಿದೆ, ನಾಲಿಗೆ ಯಾರ ಹಿಡಿತದಲ್ಲೂ ಇಲ್ಲ. ನನ್ನ ಮಂಡಿ ಹೋದ ವರ್ಷಕ್ಕಿಂತ ಒಂದು ವರ್ಷ ಹಳೆಯದಾಗಿದೆ. ಈ ಒಂದು ತಿಂಗಳಲ್ಲಿ ಅದಕ್ಕೆ ಹತ್ತು ವರ್ಷ ಆಯಿತು ಅಂದರೂ ಸುಳ್ಳಲ್ಲ. ಕಚೇರಿಗಳ ಬೆಂಚುಗಳನ್ನು ಮಾಡುವವನು ಯಾರೋ ಗೊತ್ತಿಲ್ಲ, ಅವನು ಎಂದೂ ಕೂತು ಕಾದವನಲ್ಲ.

ಫೋನು ಇರುವಾಗ ಪತ್ರ ಯಾಕೆ ಅಂತ ನೀನು ಕೇಳುತ್ತೀಯ. ಫೋನಿನಲ್ಲಿ ನೀನು "ಹೂಂ ಅತಾ, ಆಮೇಲೆ ಮಾತಾಡ್ತೀನಿ" ಅನ್ನುತ್ತೀಯ. ಕಾಗದಕ್ಕೆ ಹಾಗೆ ಹೇಳಲಾಗುವುದಿಲ್ಲ. ಪೂರ್ತಿ ಓದು, ಊಟ ಮಾಡುತ್ತಾ ಓದಿದರೂ ಸರಿ.

ಹೋದ ಆಗಸ್ಟಿನ ಸಂಗತಿ ನಿನಗೆ ಗೊತ್ತೇ ಇದೆ. ಮೇಲಿನ ಹುಲ್ಲುಗಾವಲಿನಲ್ಲಿ ಆ ಬಾಣಂತಿಗೆ ರಕ್ತ ನಿಲ್ಲದೆ ಹೋದಾಗ ನಿನ್ನ ಹೆಂಡತಿ ಬುರುಲ್ ಕುದುರೆಯ ಮೇಲೆ ಆರು ಗಂಟೆ ಹೋದಳು. ಹುಡುಗಿ ಬದುಕಿದಳು, ಆದರೆ ಕೂದಲೆಳೆಯಷ್ಟರಲ್ಲಿ. ಅದಾದ ಮೇಲೆ ಆರೋಗ್ಯ ಇಲಾಖೆಯವರು ಖಡಾಖಂಡಿತ ಹೇಳಿಬಿಟ್ಟರು: ನರ್ಸಮ್ಮನಿಗೆ ಕಾಗದಪತ್ರ ಸರಿಯಿರುವ, ನಂಬರ್ ಪ್ಲೇಟ್ ಇರುವ ಸ್ವಂತ ಗಾಡಿ ಜೂನ್ ಒಂದರೊಳಗೆ ಬಂದರೆ ಹುಲ್ಲುಗಾವಲಿನ ಬೇಸಿಗೆಯ ಚಿಕಿತ್ಸಾ ಕೇಂದ್ರ ಇರುತ್ತದೆ, ಇಲ್ಲದಿದ್ದರೆ ಮುಚ್ಚುತ್ತೇವೆ, ಅವಳನ್ನು ಪಟ್ಟಣದ ಆಸ್ಪತ್ರೆಗೆ ಹಾಕುತ್ತೇವೆ. "ಮುಚ್ಚಿಹೋಗಲಿ ಬಿಡಿ, ಅವಳು ಇಲ್ಲಿಗೇ ಬರಲಿ" ಅಂತ ನೀನು ಫೋನಿನಲ್ಲಿ ಅಂದೆ. ಅವಳು ಬರುವುದಿಲ್ಲ ಅಂದಳು. ಆವತ್ತಿನಿಂದ ನೀನು ನನಗೆ ಫೋನು ಮಾಡುತ್ತೀಯ, ನಿನ್ನ ಅಮ್ಮನಿಗೆ ಮಾಡುತ್ತೀಯ, ಅವಳಿಗೆ ಮಾಡುವುದಿಲ್ಲ. ನಾನು ಇದರ ನಡುವೆ ಬರುವವನಲ್ಲ. ಗಾಡಿಯ ಕಥೆ ಹೇಳುತ್ತೇನೆ, ಅಷ್ಟೆ.

ಮೇಲಿನ ಹುಲ್ಲುಗಾವಲಿಗೆ ಕಾರು ಹೋಗುವುದಿಲ್ಲ. ಅದಕ್ಕೆ ಕಲ್ಲು, ಹೊಳೆ, ಕೆಸರು ಯಾವುದಕ್ಕೂ ಹೆದರದ ಉದ್ದ ಕಾಲಿನ ಮೋಟಾರ್ ಸೈಕಲ್ಲೇ ಬೇಕು. ನಿನ್ನ ಜೊತೆ ಓದಿದ ಮೆಲಿಸ್, ಈಗ ರಸ್ತೆ ಬದಿಯಲ್ಲಿ ರಿಪೇರಿ ಅಂಗಡಿ ಇಟ್ಟಿರುವವನು, ಅದನ್ನು ಎಂಡ್ಯೂರೋ ಅನ್ನುತ್ತಾನೆ. ಬೆಟ್ಟದಲ್ಲಿ ಅದರ ಕಾಗದಪತ್ರ ಯಾರೂ ಕೇಳುವುದಿಲ್ಲ. ಆದರೆ ನಮ್ಮ ಮನೆಯಿಂದ ಬೆಟ್ಟದ ದಾರಿ ಹಿಡಿಯುವವರೆಗೆ ಹನ್ನೊಂದು ಕಿಲೋಮೀಟರ್ ದೊಡ್ಡ ರಸ್ತೆಯಿದೆ, ಸೇತುವೆಯ ಹತ್ತಿರ ಪೊಲೀಸರು ಬಿಸಿಲಿಗೆ ಮುಖ ಕೊಟ್ಟು ಕೂತಿರುತ್ತಾರೆ. ಆ ಹನ್ನೊಂದು ಕಿಲೋಮೀಟರಿಗಾಗಿ ನಾವು ಪಟ್ಟ ಪಾಡು ಬೆಟ್ಟಕ್ಕೆ ಒಂದು ದಿನವೂ ಪಟ್ಟಿರಲಿಲ್ಲ.

ಗಾಡಿಗಾಗಿ ನಿನ್ನ ಝೀರ್ದೆಯನ್ನು ಮಾರಿದೆವು. ಇದನ್ನು ಕೊನೆಗೆ ಬರೆಯೋಣ ಅಂದುಕೊಂಡಿದ್ದೆ, ಕೈ ತಡೆಯಲಿಲ್ಲ. ಮೂರು ವರ್ಷದಿಂದ ನಿನ್ನ ಕುದುರೆಯ ಮೇಲೆ ಸರಿಯಾಗಿ ಯಾರೂ ಕೂತಿರಲಿಲ್ಲ, ಕೊಟ್ಟಿಗೆಯಲ್ಲಿ ನಿಂತು ನಿಂತು ಹೊಟ್ಟೆ ಬಂದಿತ್ತು. ಒಳ್ಳೆಯ ಮನೆಗೆ ಹೋಗಿದೆ, ಹುಲ್ಲು ಚೆನ್ನಾಗಿದೆ. ಬೈಯುವುದಿದ್ದರೆ ನನ್ನನ್ನೇ ಬೈ, ಬುರುಲ್ ಬೇಡವೆಂದೇ ಅತ್ತಳು.

ಏಪ್ರಿಲಿನಲ್ಲಿ ಮೆಲಿಸ್, ಬುರುಲ್, ನಾನು ರಾಜಧಾನಿಯ ಸಂತೆಗೆ ಹೋದೆವು. ಮೊದಲು ನೋಡಿದ್ದು ಬೇಟೆನಾಯಿಯಂತೆ ತೆಳ್ಳಗಿತ್ತು, ನೋಡಿದರೆ ಸಾಕು ಓಡಬೇಕೆನ್ನಿಸುವಂಥದ್ದು. ಮೆಲಿಸ್ ಅದರ ಕಾಗದ ತಿರುಗಿಸಿ ನೋಡಿ, "ಇದು ಪಂದ್ಯದ ಸಾಮಾನು ಅಂತ ದೇಶದೊಳಗೆ ಬಂದಿದೆ ಅತಾ, ಜನ್ಮದಲ್ಲಿ ಇದಕ್ಕೆ ಪ್ಲೇಟ್ ಸಿಗೋದಿಲ್ಲ" ಅಂದ. ಎರಡನೆಯದು ದೊಡ್ಡದು, ಚೆಂದದ್ದು, ಕಾಗದವೂ ಸರಿ. ಬುರುಲ್ ಏನು ಮಾಡಿದಳು ಗೊತ್ತೇ? ಹತ್ತಿ ಕೂರಲೂ ಇಲ್ಲ. ವ್ಯಾಪಾರಿ ಬಾಯಿಬಿಟ್ಟು ನೋಡುತ್ತಿದ್ದಂತೆ ಅದನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿ, ತನ್ನ ಔಷಧಿ ಚೀಲ ಬೆನ್ನಿಗೆ ಹಾಕಿಕೊಂಡು, ಎತ್ತಲು ನೋಡಿದಳು. ಏಳಲಿಲ್ಲ. "ಬಿದ್ದಾಗ ಒಬ್ಬಳೇ ಎತ್ತೋಕಾಗದ್ದು ನನಗೆ ಬೇಡ" ಅಂದು ಮುಂದೆ ನಡೆದಳು. ವ್ಯಾಪಾರಿ ಅದನ್ನು ಎತ್ತಿ ನಿಲ್ಲಿಸುತ್ತಾ, ನನ್ನ ಬಿಳಿಗಡ್ಡಕ್ಕೆ ಗೌರವ ಕೊಟ್ಟು, "ಅಕ್ಸಾಕಾಲ್, ನಿಮ್ಮ ಸೊಸೆ ಗಾಡಿ ತಗೊಳ್ಳೋಕೆ ಬಂದಿದ್ದಾಳೋ ಕುಸ್ತಿಗೆ ಬಂದಿದ್ದಾಳೋ?" ಅಂತ ಕೇಳಿದ.

ಮೂರನೆಯದನ್ನು ಅವಳು ಎತ್ತಿದಳು, ಮೂರು ಸಲ ಎತ್ತಿದಳು. ಸಾಧಾರಣ ಗಾಡಿ, ಮಾಸಿದ ನೀಲಿ, ಕಾಲು ನೆಲಕ್ಕೆ ಮುಟ್ಟುತ್ತದೆ. ಸುಂಕ ಕಟ್ಟಿದ ಕಾಗದವಿತ್ತು. ನಾನು ಸುತ್ತ ಬಂದು ಎದೆ ನೋಡಿದೆ, ಹಿಂಗಾಲು ನೋಡಿದೆ, "ವಯಸ್ಸೆಷ್ಟು?" ಅಂತ ಕೇಳಿದೆ. "ಇದಕ್ಕೆ ಹಲ್ಲಿಲ್ಲ ಅಕ್ಸಾಕಾಲ್, ಕಾಗದ ನೋಡಿ" ಅಂದ ಮಾಲೀಕ. ಅದಕ್ಕೆ ಮೆಲಿಸ್ ಬಗ್ಗಿ ಚೈನಿನ ಚಕ್ರ ತೋರಿಸಿದ: ಹಲ್ಲು ಇತ್ತು, ಸವೆದಿತ್ತು ಕೂಡ! ಅದರಿಂದಲೇ ಬೆಲೆ ಇಳಿಯಿತು. ನನಗೆ ಆವತ್ತು ಬಹಳ ಹೆಮ್ಮೆಯಾಯಿತು. ಆ ಹೆಮ್ಮೆಯೇ ಆಮೇಲೆ ನನ್ನನ್ನು ಹಾಳು ಮಾಡಿತು.

ಹಳೇ ಮಾಲೀಕ ಪಂದ್ಯಕ್ಕೆ ಓಡಿಸುವವನು. ಭಾರ ಕಡಿಮೆಯಾಗಲಿ ಅಂತ ಕಾನೂನು ಕೇಳುವುದನ್ನೆಲ್ಲ ಕಿತ್ತು ಬಿಸಾಡಿದ್ದ. ಮೆಲಿಸ್ ಎರಡು ವಾರ ಕೂತು ಒಂದೊಂದನ್ನೇ ಮತ್ತೆ ಹಾಕಿದ. ಎದುರಿನವರ ಕಣ್ಣಿಗೆ ಹೊಡೆಯದ ಹೆಡ್‌ಲೈಟು, ಕೈಬ್ರೇಕು ಕಾಲುಬ್ರೇಕು ಯಾವುದು ಒತ್ತಿದರೂ ಉರಿಯುವ ಕೆಂಪು ದೀಪ, ಇಂಡಿಕೇಟರು, ಎರಡು ಕನ್ನಡಿ, ಡಾಂಬರು ರಸ್ತೆಗೂ ಒಪ್ಪುವ ಟೈರು, ಊರೆಲ್ಲ ಎಬ್ಬಿಸದ ಸೈಲೆನ್ಸರು. ಹಾರ್ನು ಮಾತ್ರ ಯಾವುದೋ ಸತ್ತ ಲಾರಿಯದು, ಒತ್ತಿದರೆ ನಮ್ಮ ಕುರಿಗಳು ಇನ್ನೂ ಬೇಲಿ ಹಾರುತ್ತವೆ. ನೋಂದಣಿಯ ಫಾರ್ಮಿನಲ್ಲಿ ಎಷ್ಟು ಜನ ಕೂರುವ ಗಾಡಿ ಅಂತ ಬರೆಯಬೇಕಿತ್ತು. "ಒಂದು ಅಂತ ಬರೆಸಿಬಿಡು ಅತ್ತಿಗೆ. ಎರಡು ಅಂದ್ರೆ ಹಿಂದಿನವರಿಗೆ ಫುಟ್‌ರೆಸ್ಟು, ಹಿಡಿಕೆ, ಎಲ್ಲಾ ನಾನು ವೆಲ್ಡ್ ಮಾಡ್ಬೇಕು" ಅಂದ ಮೆಲಿಸ್. ಬುರುಲ್, "ಎರಡು ಬರಿ, ರೋಗಿಗಳನ್ನ ಕೂರಿಸಬೇಕಾಗಬಹುದು" ಅಂದಳು. ಸರಿ, ಎರಡಾಯಿತು.

ಈಗ ನನ್ನ ಪ್ರತಾಪ ಕೇಳು. ಏಪ್ರಿಲ್ ಇಪ್ಪತ್ತೆಂಟಕ್ಕೆ ಕುರಿ ಕಡಿದೆವು, ಚಕ್ರಕ್ಕೆ ರಕ್ತದ ಬೊಟ್ಟಿಟ್ಟೆವು, ನೆರೆಹೊರೆಯವರು ಅಂಗೈ ಬಿಚ್ಚಿ ಹರಸಿ, ಉಂಡು ಹೋದರು. ಮರುದಿನ ಬುರುಲ್ ಲಸಿಕೆ ಹಾಕಲು ಕೆಳಗಿನ ಹಳ್ಳಿಗೆ ಹೋಗಿದ್ದಳು. ನಾನು ಗಾಡಿಯನ್ನು ಒರೆಸುತ್ತಿದ್ದೆ. ಹ್ಯಾಂಡಲಿನ ಕೆಳಗೆ, ಕತ್ತು ಅನ್ನಬಹುದಾದ ಜಾಗದಲ್ಲಿ, ಸಣ್ಣ ಸಣ್ಣ ಅಂಕಿ ಅಕ್ಷರ ಒತ್ತಿದ್ದು ಕಂಡಿತು. ಹಳೇ ಮಾಲೀಕನ ಮುದ್ರೆ ಅಂದುಕೊಂಡೆ. ನಮ್ಮ ಅಪ್ಪ ಕುದುರೆ ಕೊಂಡಾಗಲೆಲ್ಲ ಹಳೆಯ ಮುದ್ರೆಯ ಮೇಲೆ ನಮ್ಮದನ್ನು ಒತ್ತದೆ ಮನೆಯೊಳಗೆ ಬಿಟ್ಟವನಲ್ಲ. ನಾನೂ ಬಿಡಲಿಲ್ಲ. ಅರ ತೆಗೆದುಕೊಂಡು ಒಂದು ಮಧ್ಯಾಹ್ನ ಪೂರ್ತಿ ಉಜ್ಜಿದೆ. ಮುದ್ರೆಯ ಕಬ್ಬಿಣ ಕಾಯಿಸಿ ಒತ್ತಿದರೆ ಹಿಡಿಯಲಿಲ್ಲ, ಹಾಗಾಗಿ ಉಳಿ ಸುತ್ತಿಗೆಯಲ್ಲಿ ನಮ್ಮ ಎರಡು ಕೊಂಬು, ಕೆಳಗೊಂದು ಗೀಟು ಕೆತ್ತಿದೆ. ಬಹಳ ಚೆನ್ನಾಗಿ ಬಂತು. ಅದರ ಮೇಲೆ ನೀಲಿ ಬಣ್ಣವನ್ನೂ ಬಳಿದೆ.

ಮೇ ಎಂಟಕ್ಕೆ ಗಾಡಿ ನೋಂದಣಿ ಕಚೇರಿಗೆ ತಪಾಸಣೆಗೆ ಹೋದೆವು. ದೀಪ ಸರಿ, ಹಾರ್ನು ಸರಿ, ಅಧಿಕಾರಿಯೇ ಬೆಚ್ಚಿಬಿದ್ದ. ಆಮೇಲೆ ಟಾರ್ಚು ಹಿಡಿದು ಕತ್ತಿನ ಹತ್ತಿರ ಬಗ್ಗಿದ.

"ಅಕ್ಸಾಕಾಲ್, ಇಲ್ಲೇನೋ ಕೊಂಬಿನ ಹಾಗಿದೆಯಲ್ಲ?"

"ನಮ್ಮ ಮನೆತನದ ಮುದ್ರೆ ತಮ್ಮಾ. ಏಳು ತಲೆಮಾರಿಂದ ಇದೇ."

"ಚೆನ್ನಾಗಿದೆ. ಇಲ್ಲಿದ್ದ ನಂಬರ್ ಎಲ್ಲಿ?"

"ಹಳೇ ಮಾಲೀಕನದ್ದಾ? ಉಜ್ಜಿ ತೆಗೆದೆ."

"ಪೂರ್ತಿ?"

"ಪೂರ್ತಿ ತಮ್ಮಾ. ಬೆರಳಿಗೂ ಸಿಗೋದಿಲ್ಲ."

ಅವನು ನೆಟ್ಟಗೆ ನಿಂತು ಟಾರ್ಚು ಆರಿಸಿದ. "ಅದು ಮಾಲೀಕನದ್ದಲ್ಲ, ಕಾರ್ಖಾನೆಯದ್ದು. ಗಾಡಿ ಕದಿಯೋರು ಮಾತ್ರ ಅದನ್ನ ಉಜ್ಜೋದು" ಅಂದ. ತಾಲಾಯ್, ಅರವತ್ತೊಂಬತ್ತು ವರ್ಷದಲ್ಲಿ ಇನ್ನೊಬ್ಬರ ಕುರಿಮರಿಯನ್ನೂ ನನ್ನ ಮಂದೆಯಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಂಡವನಲ್ಲ ನಾನು. ಗಾಡಿಯನ್ನು ಹಿಂದಿನ ಅಂಗಳಕ್ಕೆ ತಳ್ಳಿ ಬೀಗ ಹಾಕಿದರು. ನನಗೆ ಕಾಗದ ಕೊಟ್ಟು ವಿವರಣೆ ಬರೆಯಿರಿ ಅಂದರು. ಬರೆದೆ: "ನಾನು ಇಮಾನಾಲಿ, ಕುದುರೆ ಕಾಯುವವನು, ಸದರಿ ಮೋಟಾರ್ ಸೈಕಲ್ಲಿನ ಕತ್ತಿನ ಅಂಕಿಗಳನ್ನು ಹಿಂದಿನವರ ಮುದ್ರೆಯೆಂದು ತಿಳಿದು ಅರದಿಂದ ಅಳಿಸಿ, ನಮ್ಮ ಮುದ್ರೆಯನ್ನು ಕೆತ್ತಿದ್ದೇನೆ. ಕದಿಯುವ ಉದ್ದೇಶ ಇರಲಿಲ್ಲ. ಪ್ರಾಣಿ ನಮ್ಮದೇ." ಅಧಿಕಾರಿ ಅದನ್ನು ಪಕ್ಕದ ಕೋಣೆಗೆ ಒಯ್ದು ಎಲ್ಲರಿಗೂ ಓದಿ ಹೇಳಿದ. ನಗು ಗೋಡೆ ದಾಟಿ ಬಂತು. ಬುರುಲ್ ನನ್ನ ಪಕ್ಕದಲ್ಲಿ ನೆಲ ನೋಡುತ್ತಾ ಕೂತಿದ್ದಳು.

ಮನೆಗೆ ಬಂದ ಮೇಲೆ ನಿನ್ನ ಅಮ್ಮ ಬಿಡಲಿಲ್ಲ. "ಮುದುಕಾ, ಸದ್ಯ ಅದರ ಕಿವಿ ಕತ್ತರಿಸಲಿಲ್ಲವಲ್ಲ! ಬೀಜ ಒಡೆಸೋಕೂ ಹೊರಟಿದ್ಯೇನೋ!" ಅಂತ ಮೂರು ದಿನ. ಅದನ್ನು ತಡೆದುಕೊಂಡೆ. ಬುರುಲ್ ಮಾತ್ರ ಚಹಾದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಎಂದಿನಂತೆ ಮೊದಲು ನನಗೇ ಕೊಟ್ಟಳು. ಅದನ್ನು ತಡೆದುಕೊಳ್ಳಲಾಗಲಿಲ್ಲ. ಅವಳ ಕೆಲಸ, ಅವಳ ಆರು ಗಂಟೆಯ ದಾರಿ, ಎಲ್ಲವನ್ನೂ ನಾನು ಅರದಲ್ಲಿ ಉಜ್ಜಿಬಿಟ್ಟಿದ್ದೆ.

ಆಮೇಲಿನ ಮೂರು ವಾರ ಬರೆದರೆ ನಿನಗೂ ಮಂಡಿ ನೋಯುತ್ತದೆ. ಒಂದು ಕಿಟಕಿಯಲ್ಲಿ ಅರ್ಜಿ, ಇನ್ನೊಂದರಲ್ಲಿ ಮುದ್ರೆ, ಮುದ್ರೆಯವನು ಮದುವೆಗೆ ಹೋಗಿದ್ದಾನೆ, ನಾಳೆ ಬಾ. ಕೊನೆಗೆ ಬೀಗ ತೆಗೆಸಿ, ಕುರಿ ಸಾಗಿಸುವ ಲಾರಿಯಲ್ಲಿ ಗಾಡಿಯನ್ನು ಹಾಕಿಕೊಂಡು, ಅಳಿಸಿದ ನಂಬರ್ ಓದುವ ದೊಡ್ಡ ಪಟ್ಟಣದ ಪರೀಕ್ಷಾಲಯಕ್ಕೆ ಹೋದೆ. ಬಿಳಿ ಕೋಟಿನ ಹೆಂಗಸೊಬ್ಬಳು ನನ್ನ ಬಣ್ಣ ತೆಗೆದು, ಹತ್ತಿಯಲ್ಲಿ ಆಮ್ಲ ಅದ್ದಿ ನಿಧಾನವಾಗಿ ಒರೆಸತೊಡಗಿದಳು. "ನೀವು ಉಜ್ಜಿದ್ದು ಮೇಲಿನ ಚರ್ಮ ಮಾತ್ರ ಅಕ್ಸಾಕಾಲ್. ಒತ್ತಿದ ಪೆಟ್ಟು ಒಳಗೂ ಇಳಿದಿರ್ತದೆ" ಅಂದಳು. ನಿಜ ಮಗಾ, ಹೊಗೆಯೊಳಗಿಂದ ಬರುವಂತೆ ಒಂದೊಂದೇ ಅಂಕಿ ಎದ್ದು ಬಂತು. "ನಿಮ್ಮ ಕೊಂಬು ಎರಡು ಅಂಕಿ ನುಂಗಿದೆ" ಅಂತ ಬೈದಳು. ಉಳಿದವು ಸುಂಕದ ಕಾಗದಕ್ಕೆ ತಾಳೆಯಾದವು, ಎಂಜಿನ್ನಿನ ನಂಬರೂ ತಾಳೆಯಾಯಿತು. ಗಾಡಿ ಕದ್ದದ್ದಲ್ಲ ಅಂತ ಬರೆದುಕೊಟ್ಟಳು.

ಮೊನ್ನೆ ಶುಕ್ರವಾರ, ಮೇ ಮೂವತ್ತೊಂದರ ಸಂಜೆ ನಾಲ್ಕಕ್ಕೆ, ಕಿಟಕಿ ಮುಚ್ಚುವ ಮೊದಲು ಪ್ಲೇಟ್ ಕೈಗೆ ಬಂತು. ಹಿಂದೆ ನನ್ನ ವಿವರಣೆ ಓದಿ ಎಲ್ಲರನ್ನೂ ನಗಿಸಿದ್ದ ಅಧಿಕಾರಿಯೇ ಸ್ಕ್ರೂ ಹಿಡಿದುಕೊಟ್ಟ. ಬುರುಲ್ ಅದೇ ಗಳಿಗೆಯಲ್ಲಿ ಇಲಾಖೆಗೆ ಹೋಗಿ ಕಾಗದ ಮೇಜಿನ ಮೇಲಿಟ್ಟಳು. ಕೇಂದ್ರ ಮುಚ್ಚುವುದಿಲ್ಲ. ನಿನ್ನೆ ಬೆಳಿಗ್ಗೆ ಮೇಲೆ ಹೋದಳು, ಒಂದೂಮುಕ್ಕಾಲು ಗಂಟೆಯಲ್ಲಿ ತಲುಪಿದಳಂತೆ. ದೊಡ್ಡ ರಸ್ತೆ ಮುಗಿದ ಕೂಡಲೇ ಕನ್ನಡಿಗಳನ್ನು ಬಿಚ್ಚಿ, ಬ್ಯಾಂಡೇಜು ಬಟ್ಟೆಯಲ್ಲಿ ಸುತ್ತಿ ಔಷಧಿ ಚೀಲಕ್ಕೆ ಹಾಕಿಕೊಂಡಳಂತೆ, ಬಿದ್ದರೆ ಒಡೆಯಬಾರದಲ್ಲ. ಇಳಿದು ಬರುವಾಗ ಸೇತುವೆಗೆ ಮೊದಲು ಮತ್ತೆ ಹಾಕಿದಳಂತೆ. ಸಂಜೆ ಬಂದವಳು ಸೊಂಟ ಹಿಡಿದುಕೊಂಡು ಕೂತಳು, ಗಾಡಿ ತುಂಬಾ ಎತ್ತಿಹಾಕುತ್ತದೆ ಅಂದಳು.

ನನಗೆ ಸಾಕಾಗಿದೆ, ಮಲಗಬೇಕು. ಸೈರಾಗುಲ್ ಬಾಗಿಲಲ್ಲಿ ನಿಂತು ಬಸ್ಸು ತಪ್ಪುತ್ತದೆ ಅಂತ ಕೂಗುತ್ತಿದ್ದಾಳೆ. ದಾರಿ ಬೆಳಕಾಗಿರಲಿ, ಬೆನ್ನು ಗಟ್ಟಿಯಾಗಿರಲಿ ಅಂತ ಅಂಗೈ ಬಿಚ್ಚಿ ಹರಸಿದ್ದೇನೆ. ನಿನ್ನ ಅಮ್ಮನ ಮುತ್ತುಗಳು.

ನಿನ್ನ ಅಪ್ಪ,
ಇಮಾನಾಲಿ

ಮರೆತೆ: ಸೊಂಟ ನೋವಿನ ಮಾತು ಕೇಳಿ ಇವತ್ತು ಬೆಳಿಗ್ಗೆ ಮೆಲಿಸನನ್ನು ಕರೆದು ಬೈದೆ. ಅವನು ಹೇಳಿದ, "ನನ್ನ ತಪ್ಪಲ್ಲ ಅತಾ. ಹಿಂದಿನ ಸ್ಪ್ರಿಂಗನ್ನ ಕೂರೋರ ತೂಕಕ್ಕೆ ಬಿಗಿ ಮಾಡ್ಬೇಕು. ಹಿಂದೆ ಕೂರೋರ ತೂಕ ಎಷ್ಟು ಅಂತ ಕೇಳಿದೆ. ಅತ್ತಿಗೆ ಎಂಬತ್ತೆರಡು ಕಿಲೋ ಅಂದ್ರು, ಅಷ್ಟಕ್ಕೇ ಬಿಗಿ ಮಾಡಿದೀನಿ. ಒಬ್ಬರೇ ಹೋದ್ರೆ ಎತ್ತಿಹಾಕೇ ಹಾಕ್ತದೆ, ಸಡಿಲ ಮಾಡ್ಲಾ ಅಂದ್ರೆ ಬೇಡ ಅಂತಾರೆ." ರೋಗಿಗಳನ್ನು ಮೋಟಾರ್ ಸೈಕಲ್ಲಿನಲ್ಲಿ ಕರೆತರಬಾರದು ಅಂತ ಇಲಾಖೆಯ ನಿಯಮವಿದೆ ಮಗಾ, ಅದು ಬುರುಲ್‌ಗೆ ಗೊತ್ತು. ನಾನು ಅರವತ್ತೊಂದು ಕಿಲೋ, ನಿನ್ನ ಅಮ್ಮ ಆ ಗಾಡಿ ಹತ್ತುವವಳಲ್ಲ. ಈ ಮನೆಯಲ್ಲಿ ಎಂಬತ್ತೆರಡು ಕಿಲೋ ಯಾರಿದ್ದರು ಅಂತ ನೀನೇ ಯೋಚಿಸು. ಝೀರ್ದೆ ಈಗಿಲ್ಲ, ನಿನಗೆ ಉಳಿದಿರುವುದು ಆ ಹಿಂದಿನ ಸೀಟು. ಅಲ್ಲಿನ ಊಟದಲ್ಲಿ ತೂಕ ಇಳಿದುಹೋಗಿದ್ದರೆ ಹೇಳು, ಮೆಲಿಸ್ ಒಂದೆರಡು ಸುತ್ತು ಸಡಿಲಿಸುತ್ತಾನೆ.