ಹೊಸ ಕೋಣೆಯ ತಂಪು

ತೋಟದ ಮನೆ, ಕೆಂಗೇರಿ
ಶುಕ್ರವಾರ, 24 ಏಪ್ರಿಲ್ 2026

ಪ್ರೀತಿಯ ಅತ್ತೆಯವರಿಗೆ,

ರಮ್ಯಶ್ರೀಯ ನಮಸ್ಕಾರ. ನಿಮ್ಮ ಮಂಡಿನೋವು ಹೇಗಿದೆ? ಶೋಭಾ ಹೊಟ್ಟೆ ತುಂಬ ಉಣ್ಣುತ್ತಿದ್ದಾಳಾ, ಇಲ್ಲ ಬಾಣಂತಿ ಸಾರು ಕಂಡರೆ ಈಗಲೂ ಮೂಗು ಮುರಿಯುತ್ತಾಳಾ? ಪಾಪುವಿಗೆ ಬೆವರುಸಾಲೆ ಎದ್ದಿದೆಯಂತೆ. ಮಲ್ಲತ್ತಹಳ್ಳಿಯ ಆ ಮೂರನೇ ಮಹಡಿಯ ಮನೆಯಲ್ಲಿ ಏಳದೆ ಇನ್ನೇನಾಗುತ್ತದೆ! ಫೋನ್ ಬಿಟ್ಟು ಇವಳು ಕಾಗದ ಯಾಕೆ ಬರೆದಳು ಎಂದು ನೀವು ಹುಬ್ಬೇರಿಸುತ್ತೀರಿ, ಗೊತ್ತು. ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ, ಆ ಅರ್ಧವನ್ನು ಶೋಭಾ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಹೇಳಬೇಕು. ಇದರಲ್ಲಿ ನನ್ನದೊಂದು ತಪ್ಪಿದೆ, ಅದನ್ನು ನಾದಿನಿಯ ಬಾಯಲ್ಲಿ ಕೂಗಿಸಲು ನನಗೆ ಮನಸ್ಸಿಲ್ಲ. ಬೈರಯ್ಯನವರು ಇವತ್ತು ಮಧ್ಯಾಹ್ನದ ಬಸ್ಸಿಗೆ ನಿಮಗೆ ಮಾವಿನಕಾಯಿ ತರುತ್ತಿದ್ದಾರೆ. ತೋಟದ ಕೆಲಸ ಒಂದರ್ಧ ದಿನ ನಿಂತರೂ ಪರವಾಗಿಲ್ಲ ಎಂದು ಇದನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಈ ಸಲದ ಬಿಸಿಲು ಬಿಸಿಲಲ್ಲ ಅತ್ತೆ. ಮೂರು ಕಡೆ ಲೇಔಟ್ ಎದ್ದ ಮೇಲೆ ಅವರ ಗೋಡೆಗಳ ಕಾವೆಲ್ಲ ನಮ್ಮ ಒಂದೂವರೆ ಎಕರೆಗೇ ಬಂದು ಬೀಳುತ್ತದೆ. ಯುಗಾದಿಯ ಮಾರನೇ ದಿನ ನಾಲ್ಕು ಹನಿ ಉದುರಿದ್ದೇ ಮಳೆ. ನಿಮ್ಮ ಕನಕಾಂಬರ ಪೂರ್ತಿ ಒಣಗಿತು. ಬೈಯಬೇಡಿ, ಪಾತ್ರೆ ತೊಳೆದ ನೀರನ್ನೂ ಅದಕ್ಕೇ ಹಾಕುತ್ತಿದ್ದೆ. ಕರಿಬೇವು ಎಲೆ ಉದುರಿಸಿ ಬೋಳಾಗಿ ನಿಂತಿದೆ. ಬೋರ್‌ವೆಲ್ ಇಪ್ಪತ್ತು ನಿಮಿಷ ಓಡಿದರೆ ಗಾಳಿ ಉಗುಳುತ್ತದೆ. ಇಡೀ ತೋಟದಲ್ಲಿ ಹಸಿರಾಗಿರುವುದು ಒಂದೇ ಜಾಗ, ಅಡುಗೆಮನೆಯ ಹಿಂದಿನ ಸೊಪ್ಪಿನ ಮಡಿ. ಅಲ್ಲಿ ದಂಟು ನನ್ನ ಸೊಂಟದವರೆಗೆ ಬಂದಿದೆ, ಹೀರೆ ಬಳ್ಳಿ ಚಪ್ಪರ ತುಂಬಿದೆ. ಮಣ್ಣು ಕೆದಕಿದರೆ ಬೆರಳಿಗೆ ತೇವ ಹತ್ತುತ್ತದೆ. ಇಷ್ಟಾದರೂ ಒಂದು ಕೊಡ ನೀರು ಸುರಿದರೆ ಎಲ್ಲಿ ಹೋಯಿತೋ ಗೊತ್ತಾಗದ ಹಾಗೆ ಮಾಯವಾಗುತ್ತದೆ. ಮೊದಲು ನನಗೆ ಅದನ್ನು ಕಂಡರೆ ಹೆಮ್ಮೆಯಾಗುತ್ತಿತ್ತು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಆ ಮಡಿಗೆ ಒತ್ತಿಕೊಂಡ ಹಾಗೆ, ಅಡುಗೆಮನೆಗೆ ಸೇರಿಸಿ, ನಿಮ್ಮ ಮಗ ಒಂದು ಹೊಸ ಕೋಣೆ ಕಟ್ಟಿಸಿದ್ದಾರೆ. ಸಂಕ್ರಾಂತಿ ಮುಗಿಸಿ ನೀವು ಶೋಭಾಳ ಹೆರಿಗೆಗೆಂದು ಹೊರಟ ವಾರದಲ್ಲೇ ಶುರು ಮಾಡಿಸಿದರು. ಬಾಣಂತಿ ಮಗು ಬಂದರೆ ಗಾಳಿ ಬೆಳಕಿನ ಕೋಣೆ ಬೇಕು, ಅಮ್ಮ ಬಂದು ನೋಡಿ ಬೆರಗಾಗಬೇಕು, ನೀನು ಬಾಯಿ ಬಿಡಬೇಡ ಎಂದಿದ್ದರು. ಬಿಡಲಿಲ್ಲ. ಆದರೆ ಪಾಯಕ್ಕೆ ಗುರುತು ಹಾಕುವಾಗ ನಿಮ್ಮ ಗಂಗಮ್ಮನ ಮೂರು ಕಲ್ಲು ನಟ್ಟನಡುವೆ ಅಡ್ಡ ಬಂದವು. ಅವನ್ನು ಎತ್ತಿದ್ದು ನಾನೇ. ಸುಮ್ಮನೆ ಕಿತ್ತು ಎಸೆಯಲಿಲ್ಲ ಅತ್ತೆ. ಶುಕ್ರವಾರ ನೋಡಿ, ತಲೆಗೆ ನೀರು ಹಾಕಿಕೊಂಡು, ಅರಿಶಿನ ಕುಂಕುಮ ಹಚ್ಚಿ, ತಂಬಿಟ್ಟು ಇಟ್ಟು, ಹೊಸ ಮೊರದಲ್ಲಿ ಹೊತ್ತು ತಂದು ತುಳಸಿಕಟ್ಟೆಯ ಪಕ್ಕ ಕೂರಿಸಿದೆ. ಗಂಗಮ್ಮ ಎಲ್ಲಿ ಕೂತರೂ ಗಂಗಮ್ಮನೇ ಅಲ್ಲವೇ ಎಂದುಕೊಂಡೆ. ಪ್ರತಿ ಬೇಸಿಗೆ ಶುರುವಾದಾಗ ನೀವು ಅಲ್ಲಿ ಒಂದು ಕೊಡ ನೀರು ಸುರಿದು, ಆಡುವ ಮಕ್ಕಳನ್ನು ಗದರಿ, "ಇಲ್ಲಿ ಯಾರೂ ಕುಣೀಬ್ಯಾಡ್ರೇ, ಅಮ್ಮ ಮಲಗವ್ಳೆ" ಅನ್ನುತ್ತಿದ್ದಿರಿ. ಮಕ್ಕಳು ಕುಣಿದರೆ ಎಚ್ಚರವಾಗುವಂಥ ದೇವರು ಎಂಥದು ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಮದುವೆಯಾದ ಹೊಸತರಲ್ಲಿ, ಇಲ್ಲಿ ಹಿಂದೆ ಬಾವಿ ಇತ್ತಂತೆ, ಎಲ್ಲಿ ಎಂದು ಕೇಳಿದ್ದಕ್ಕೆ "ಮುಚ್ಚಿದ್ ಬಾವಿ ಸುದ್ದಿ ಎತ್ತಬಾರ್ದು ಕಣೇ" ಎಂದು ನನ್ನ ಬಾಯಿ ಮುಚ್ಚಿಸಿದ್ದೂ ನೆನಪಿದೆ. ಆಮೇಲೆ ನಿಮ್ಮ ಮಗ, ಅದು ಬೇಲಿ ಹತ್ತಿರದ ತಗ್ಗು, ಈಗ ಕಸ ಸುಡುತ್ತೀವಲ್ಲ ಅಲ್ಲಿ ಎಂದಿದ್ದರು. ಅವರೂ ಅದನ್ನು ಕಂಡವರಲ್ಲ, ತೊಟ್ಟಿಲಲ್ಲಿದ್ದಾಗಲೇ ಮುಚ್ಚಿಸಿದ್ದಂತೆ.

ಕೋಣೆ ಚೆನ್ನಾಗಿದೆ. ಈ ಉರಿಯಲ್ಲೂ ಅದರ ನೆಲ ಮಡಕೆಯ ಹಾಗೆ ತಣ್ಣಗಿರುತ್ತದೆ. ನಿಮ್ಮ ಮಗ ಊಟ ಮಾಡಿದವರೇ ಚಾಪೆಯೂ ಇಲ್ಲದೆ ಅಲ್ಲಿ ಉರುಳಿಕೊಳ್ಳುತ್ತಾರೆ, ಫ್ಯಾನ್ ಕೂಡ ಹಾಕುವುದಿಲ್ಲ. ನನ್ನ ಮನಸ್ಸು ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಮಡಿಯ ಕಡೆಯ ಗೋಡೆಯಲ್ಲಿ ಒಂದು ಬಿರುಕು ಬಿಟ್ಟಿದೆ. ಮೇಸ್ತ್ರಿ ಬಂದು ನೋಡಿ "ಬಿಸ್ಲಿಗೆ ಹೊಸ ಗಾರೆ ಬಿರೀತದೆ ಅಕ್ಕ, ಏನಾಗಲ್ಲ" ಎಂದು ಕಾಫಿ ಕುಡಿದು ಹೋದ. ಆಗ ಅದು ಕೂದಲೆಳೆಯಷ್ಟಿತ್ತು. ಮೊನ್ನೆ ನಿಮ್ಮ ಮೊಮ್ಮಗಳು ಅನಂತು ತನ್ನ ಪೆನ್ಸಿಲನ್ನು ಅದರೊಳಗೆ ಸಿಕ್ಕಿಸಿ ನಿಲ್ಲಿಸಿದ್ದಳು. ಬಾಗಿಲು ಕೆಳಗೆ ಹಿಡಿಯುತ್ತದೆ, ಎರಡು ಸಲ ಉಜ್ಜಿಸಿಯಾಯಿತು. ಹೀರೆ ಚಪ್ಪರದ ಗೂಟಗಳು ಕೋಣೆಯ ಕಡೆಗೇ ವಾಲುತ್ತಿವೆ. ಎಲ್ಲಕ್ಕಿಂತ ಹೆಚ್ಚಾಗಿ ಅನಂತು ಹೇಳಿದ ಮಾತು ನನ್ನನ್ನು ಬಿಡುತ್ತಿಲ್ಲ. ಅಲ್ಲಿ ಹಗ್ಗದಾಟ ಆಡುತ್ತಿದ್ದವಳು ಓಡಿ ಬಂದು, "ಅಮ್ಮಾ, ನಾನು ಕುಣಿದ್ರೆ ಕೆಳಗಡೆ ಇನ್ಯಾರೋ ಕುಣೀತಾರೆ" ಎಂದಳು. ಆರು ವರ್ಷದ ಮಗುವಿಗೆ ಹೀಗೆ ಸುಳ್ಳು ಹೇಳಲು ಯಾರು ಕಲಿಸಿಯಾರು?

ನಿಮ್ಮ ಮಗನಿಗೆ ಹೇಳಿದರೆ ನಗುತ್ತಾರೆ. ನನಗೆ ಗಂಗಮ್ಮ ಮುನಿದಿದ್ದಾಳೆ ಅನ್ನಿಸುತ್ತದೆ. ದೊಡ್ಡವರಿಗಾದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ನಾಡಿದ್ದು ಭಾನುವಾರ ನೀವು ಶೋಭಾಳನ್ನೂ ಪಾಪುವನ್ನೂ ಕರೆದುಕೊಂಡು ಬಂದು ಮಲಗುವುದು ಅದೇ ಕೋಣೆಯಲ್ಲಿ. ಮೂರು ತಿಂಗಳ ಕೂಸಿನ ವಿಷಯದಲ್ಲಿ ನನಗೆ ಧೈರ್ಯ ಸಾಲದು. ಕಲ್ಲುಗಳನ್ನು ಮೊದಲಿನ ಜಾಗಕ್ಕೇ ಇಡೋಣವೆಂದರೆ ಆ ಜಾಗ ಈಗ ಕೋಣೆಯ ನಡುನೆಲ. ಅದರ ನೇರ ಮೇಲೆ ತೊಟ್ಟಿಲಿಗೆಂದು ಕೊಕ್ಕೆ ಹಾಕಿಸಿದ್ದೇವೆ. ಏನು ಪೂಜೆ ಮಾಡಬೇಕು, ಯಾವ ಹರಕೆ ಹೊರಬೇಕು, ಬೈರಯ್ಯನವರ ಹತ್ತಿರ ಹೇಳಿ ಕಳಿಸಿ. ಎಷ್ಟು ಬೈದರೂ ಸರಿ, ಬಂದ ಮೇಲೆ ನಾವಿಬ್ಬರೇ ಇದ್ದಾಗ ಬೈಯಿರಿ.

ಶೋಭಾಳಿಗೆ ನನ್ನ ಪ್ರೀತಿ. ಪಾಪುವಿನ ಎರಡೂ ಕೆನ್ನೆಗೆ ನನ್ನ ಲೆಕ್ಕದಲ್ಲಿ ನೀವೇ ಮುತ್ತು ಕೊಡಿ. ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ. ನಿಮ್ಮ ಆಶೀರ್ವಾದ ಈ ಮನೆಯ ಮೇಲಿರಲಿ.

ನಿಮ್ಮ ಸೊಸೆ,
ರಮ್ಯಶ್ರೀ

ತಾ.ಕ.: ಭಾನುವಾರ ಬರಬೇಡಿ ಅತ್ತೆ. ಮೇಲೆ ಬರೆದದ್ದನ್ನೆಲ್ಲ ಬಿಡಿ, ಇದನ್ನು ಓದಿ. ಕಾಗದ ಮಡಚಿ ಕೊಡಲು ಹೋದಾಗ ಬೈರಯ್ಯನವರು, ಚಪ್ಪರಕ್ಕೊಂದು ಗೂಟ ನೆಟ್ಟು ಹೊರಡುತ್ತೇನೆ ಎಂದು ಕೋಣೆಯ ಗೋಡೆ ಪಕ್ಕ ಹಾರೆ ಹಾಕುತ್ತಿದ್ದರು. ಮೂರನೇ ಏಟಿಗೆ ಹಾರೆ ಅವರ ಕೈ ತಪ್ಪಿ ಪೂರ್ತಿ ಒಳಗೆ ಹೋಯಿತು. ಒಂದೆರಡು ಕ್ಷಣ ಕಳೆದ ಮೇಲೆ, ತುಂಬ ಕೆಳಗೆ, ನೀರಿಗೆ ಬಿದ್ದ ಸದ್ದು ಕೇಳಿಸಿತು. ಬೈರಯ್ಯನವರು ನನ್ನನ್ನು ಹಿಂದಕ್ಕೆ ಸರಿಸಿದರು. "ಬಾವಿ ಕಣವ್ವ. ತೆಂಗಿನ ತೊಲೆ ಹಾಸಿ ಮೇಲೆ ಮಣ್ಣು ಎಳ್ದವ್ರೆ ಅಂತ ನಮ್ಮಪ್ಪ ಹೇಳ್ತಿದ್ದ. ಬೇಲಿ ತಾವ ಅಂದ್ಕಂಡಿದ್ದೆ" ಎಂದರು. ನಿಮ್ಮ ಮಗ ಒಳಗೆ ಮಲಗಿದ್ದರು. ಓಡಿ ಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಈಗ ಅನಂತುವನ್ನು ಎತ್ತಿಕೊಂಡು ಬೇವಿನ ಮರದ ಹತ್ತಿರ ನಿಂತಿದ್ದಾರೆ. ನಿಮಗೂ ಶೋಭಾಳಿಗೂ ನಾಲ್ಕು ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬೈರಯ್ಯನವರನ್ನು ಆಟೋದಲ್ಲೇ ಕಳಿಸುತ್ತಿದ್ದೇನೆ. ಆ ಕಲ್ಲುಗಳು ಬಾವಿಯ ಗುರುತು ಎಂದು ಒಂದೇ ಒಂದು ಮಾತು ಹೇಳಬಾರದಿತ್ತಾ ಅತ್ತೆ! ನಾನಾದರೂ ಒಂದು ಮಾತು ಕೇಳಿ ಎತ್ತಬಹುದಿತ್ತು. ಓದಿದ ಕೂಡಲೇ ಫೋನ್ ಮಾಡಿಸಿ. ಅದರ ಬಾಯಿ ಎಷ್ಟು ಅಗಲ, ನಡುನೆಲದಿಂದ ಎಷ್ಟು ಮಾರು, ಅಷ್ಟು ಹೇಳಿ ಸಾಕು. ಪೆನ್ನಿಗೆಂದು ಒಳಗೆ ಓಡಿ ಬಂದವಳು ಅವಸರದಲ್ಲಿ ಅಡುಗೆಮನೆಯಲ್ಲೇ ಕೂತು ಇಷ್ಟು ಗೀಚಿದ್ದೇನೆ. ಇಲ್ಲಿಯ ನೆಲವೂ ತಣ್ಣಗಿದೆ.